ಅತ್ತಿಗೆಯ ಮೂಗು ಮತ್ತು ಇನ್ನೂರ ನಲವತ್ತು ಫೋಟೊ

ನಮ್ಮ ಅತ್ತಿಗೆಯ ಮೂಗಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದ ರಾದ್ಧಾಂತಕ್ಕೆಲ್ಲ ಅದೇ ಮೂಲ. ನೋಡಲು ಸಾಧಾರಣ ಮೂಗು. ಕನ್ನಡಕ ಕೂರಿಸಿದರೆ ಜಾರಿ ತುದಿಗೆ ಬರುತ್ತದೆ, ಅಷ್ಟೇ. ಆದರೆ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಯಾರಾದರೂ ಹಾಲು ಒಲೆಗಿಟ್ಟು ಮರೆತರೆ, ಅದು ಉಕ್ಕುವ ಮೊದಲೇ ನಾಲ್ಕನೇ ಮಹಡಿಯಲ್ಲಿ ಇವಳು ಚಪ್ಪಲಿ ಮೆಟ್ಟಿರುತ್ತಾಳೆ. ಅತ್ತಿಗೆಗೆ ಏಕವಚನವೇ ಎಂದು ಹುಬ್ಬೇರಿಸಬೇಡಿ. ಅವಳು ನನಗಿಂತ ಎರಡು ವರ್ಷ ಚಿಕ್ಕವಳು, ಸಾಲದ್ದಕ್ಕೆ ನನ್ನ ಹತ್ತಿರ ಕಾರು ಓಡಿಸಲು ಕಲಿತವಳು. ಒಬ್ಬರಿಗೆ ಕ್ಲಚ್ಚು ಬಿಡುವುದನ್ನು ಕಲಿಸಿದ ಮೇಲೆ ಬಹುವಚನ ನಾಲಿಗೆಗೆ ಬರುವುದಿಲ್ಲ.

ನಾನು ಡ್ರೈವಿಂಗ್ ಸ್ಕೂಲ್ ನಡೆಸುವವಳು. ದಿನಕ್ಕೆ ಆರು ಗಂಟೆ ಕೂಗಾಡುವುದು ನನ್ನ ಕಸುಬು. ಆ ಚಾಳಿ ಮನೆಗೂ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ಮೂರನೇ ಮಹಡಿಯಲ್ಲಿ ನನ್ನ ಬಿಡಾರ, ನೆತ್ತಿಯ ಮೇಲೆ ಅಣ್ಣ ಅತ್ತಿಗೆಯ ಸಂಸಾರ.

ಅಣ್ಣ ಹೂವಿನ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ. ಒಂದೇ ಉಸಿರಿಗೆ ಇಪ್ಪತ್ತು ಬೆಲೆ ಹೇಳಿ, "ಒಂದು ಸಾರಿ, ಎರಡು ಸಾರಿ" ಎಂದು ನಿಲ್ಲಿಸಿ, ಸುತ್ತ ನಿಂತವರ ಮುಖವನ್ನೆಲ್ಲ ಒಂದು ಸುತ್ತು ನೋಡುತ್ತಿದ್ದ. ಆಮೇಲೆ ಅಂಗೈಯಿಂದ ಮೇಜಿಗೆ ಬಾರಿಸಿ "ಮೂರು ಸಾರಿ" ಎಂದನೆಂದರೆ ವ್ಯಾಪಾರ ಮುಗಿಯಿತು. ನಡುವೆ ನಿಲ್ಲಿಸುತ್ತಿದ್ದನಲ್ಲ, ಅದೇ ಅವನ ಹೆಚ್ಚುಗಾರಿಕೆ. ಜನ ಅದನ್ನು ನೋಡಲೆಂದೇ ಬರುತ್ತಿದ್ದರು. ಮನೆಗೆ ಬಂದರೆ ಅತ್ತಿಗೆ ಅವನ ಅಂಗಿ ಮೂಸಿ, ಗುಲಾಬಿ ಇವತ್ತು ತಡವಾಗಿ ಬಂತು, ಲಿಲ್ಲಿಯನ್ನು ಕೇಳುವವರೇ ಇರಲಿಲ್ಲ ಎಂದು ವರದಿ ಒಪ್ಪಿಸುತ್ತಿದ್ದಳು. ಒಂದು ದಿನವೂ ತಪ್ಪುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ "ಎರಡು ಸಾರಿ" ಎಂದು ನಿಲ್ಲಿಸಿದವನು ಮುಂದಕ್ಕೆ ಹೇಳಲೇ ಇಲ್ಲ. ಜನ ಕಾದರು. ಬೆಲೆ ಏರಲಿ ಎಂದು ಸತಾಯಿಸುತ್ತಿದ್ದಾನೆ ಎಂದುಕೊಂಡು ಒಬ್ಬ ಬೆಲೆಯನ್ನು ಏರಿಸಿಯೂ ಬಿಟ್ಟನಂತೆ. ಅಣ್ಣನ ಬಾಯಿ ಒಂದು ಕಡೆಗೆ ವಾಲಿದ್ದು ಕಣ್ಣಿಗೆ ಬಿದ್ದಮೇಲೇ ಗಲಾಟೆ ಎದ್ದದ್ದು. ಮಿದುಳಿಗೆ ರಕ್ತ ಹೋಗುವ ದಾರಿ ಕಟ್ಟಿಕೊಂಡಿತ್ತು. ಜೀವ ಉಳಿಯಿತು, ಬಲಗೈ ಅರ್ಧ ಉಳಿಯಿತು, ಮಾತು ಹೋಯಿತು. ನೀರೂ "ಅದು", ನಾನೂ "ಅದು", ಅತ್ತಿಗೆಯೂ "ಅದು". ಅದು ಹೇಗೋ, ಅಂಕಿಗಳು ಮಾತ್ರ ಉಳಿದುಕೊಂಡವು. ಒಂದರಿಂದ ಶುರುಮಾಡಿದರೆ ಇನ್ನೂರರವರೆಗೆ ತಡವರಿಸದೆ ಹೋಗುತ್ತಾನೆ. ಮೆಟ್ಟಿಲು ಎಣಿಸುತ್ತಾನೆ, ತಂತಿಯ ಮೇಲಿನ ಹಕ್ಕಿ ಎಣಿಸುತ್ತಾನೆ, ನಾನು ಎಷ್ಟು ಸಲ ಹಾರ್ನ್ ಹೊಡೆದೆ ಎಂದು ಕಿಟಕಿಯಿಂದ ಎಣಿಸುತ್ತಾನೆ. ಸಾಕು ನಿಲ್ಲಿಸೋ ಎಂದು ನಾನು ಎಷ್ಟೋ ಸಲ ರೇಗಿದ್ದೇನೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಣ್ಣ ಆಸ್ಪತ್ರೆಯಲ್ಲಿದ್ದ ಐದು ವಾರದಲ್ಲಿ ಅತ್ತಿಗೆ ಅಲ್ಲಿನ ಫಲಕದ ಮೇಲೊಂದು ಚೀಟಿ ಓದಿದಳು. ಹಿಂದಿನ ಕಟ್ಟಡದ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತೊಳೆಯುವವರು ಬೇಕಿದ್ದರು. ಹನ್ನೊಂದು ವರ್ಷ ಗುಂಡಿ ಕಾರ್ಖಾನೆಯಲ್ಲಿ ಒಡಕು ಗುಂಡಿ ಆರಿಸಿದವಳು ಅದನ್ನು ಬಿಟ್ಟು ಇಲ್ಲಿಗೆ ಸೇರಿಕೊಂಡಳು, ಗಂಡನ ಚಿಕಿತ್ಸೆಗೆ ಓಡಾಡಲು ಹತ್ತಿರವಾಗುತ್ತದೆಂದು. ಆರು ತಿಂಗಳು ತೊಳೆದಳು. ಒಂದು ದಿನ ಬುಟ್ಟಿ ಹಿಡಿದು ಹೋಗುವಾಗ, ಮೈಕ್ರೋಸ್ಕೋಪಿಗೆ ಜೋಡಿಸಿದ ಪರದೆಯ ಮೇಲೆ ಒಬ್ಬ ಸಂಶೋಧಕಿ ಕೋಶಗಳನ್ನು ಎಣಿಸುತ್ತಿದ್ದುದನ್ನು ಕಂಡು, ಎಡಮೂಲೆಯಲ್ಲಿ ಎರಡು ಬಿಟ್ಟುಹೋದವು ಎಂದಳು. ನಿಜವಾಗಿ ಬಿಟ್ಟುಹೋಗಿದ್ದವು. ಹಿಂದೆ ನಿಂತಿದ್ದ ಡಾಕ್ಟರು ಅದನ್ನು ಕೇಳಿಸಿಕೊಂಡರು. ಮುಂದಿನ ತಿಂಗಳಿನಿಂದ ಅತ್ತಿಗೆಯ ಕೆಲಸ ಎಣಿಸುವುದಾಯಿತು. ಬಲಗೈಗೊಂದು ಎಡಗೈಗೊಂದು ಟಿಕ್ ಎನ್ನುವ ಎಣಿಕೆ ಯಂತ್ರ ಕೊಟ್ಟರು. ಇಷ್ಟು ದಿನ ಗುಂಡಿ ಆರಿಸಿದೆ, ಈಗ ಗುಂಡಿ ಒತ್ತುತ್ತೇನೆ, ಬಡ್ತಿ ಅಂದರೆ ಇದೇ ಎಂದು ನಕ್ಕಳು.

ಆ ಡಾಕ್ಟರನ್ನು ಅವಳು ಮಂಪರು ಡಾಕ್ಟರು ಎನ್ನುತ್ತಾಳೆ. ಆಪರೇಷನ್ ಕೋಣೆಯಲ್ಲಿ ರೋಗಿಗೆ ಅರಿವಳಿಕೆ ಅನಿಲ ಕೊಟ್ಟು ಮಲಗಿಸುವುದು ಅವರ ಕೆಲಸ, ಇಪ್ಪತ್ತೆರಡು ವರ್ಷದಿಂದ. ನೋವು ಮರೆಸುವ ಈ ಅನಿಲ ಇನ್ನೂ ಏನೋ ಮಾಡುತ್ತಿರಬಹುದು ಎಂಬುದು ಅವರ ತಲೆ ಹೊಕ್ಕ ಹುಳ. ಆಮ್ಲಜನಕ ನಿಂತಾಗ ನರಕೋಶ ಸುಮ್ಮನೆ ಕೂತು ಸಾಯುವುದಿಲ್ಲವಂತೆ. ಗಾಬರಿಯಿಂದ ಕೂಗಾಡುತ್ತದೆ, ಅಂದರೆ ಸಂಕೇತದ ಮೇಲೆ ಸಂಕೇತ ಕಳಿಸುತ್ತದೆ. ಅಕ್ಕಪಕ್ಕದವೂ ಕೂಗಲು ಶುರುಮಾಡುತ್ತವೆ. ಆ ಗದ್ದಲದಲ್ಲಿ ಕೋಶದ ಬಾಗಿಲುಗಳೆಲ್ಲ ತೆರೆದುಕೊಂಡು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಇದ್ದಬದ್ದ ಶಕ್ತಿಯೆಲ್ಲ ಕೂಗಿನಲ್ಲೇ ತೀರಿ ಕೋಶ ಸಾಯುತ್ತದೆ. ಅನಿಲ ಕೊಟ್ಟು ಮೊದಲೇ ಮಲಗಿಸಿದ್ದರೆ ಕೂಗು ತಗ್ಗಬಹುದು, ಬಾಗಿಲು ಮುಚ್ಚಿಯೇ ಇರಬಹುದು, ಉಸಿರು ಮರಳುವವರೆಗೆ ಕೋಶ ತಾಳಿಕೊಳ್ಳಬಹುದು. ಅತ್ತಿಗೆ ಇದನ್ನು ನನಗೆ ಹೇಳಿದ್ದು ತನ್ನದೇ ರೀತಿಯಲ್ಲಿ.

"ನಿನ್ನ ಹಾಗೆ ಕೂಗಾಡೋದು ಮೊದ್ಲು ಹೋಗತ್ತೆ. ನನ್ನ ಹಾಗೆ ತೆಪ್ಪಗೆ ಮಲ್ಗಿರೋದು ಉಳ್ಕೊಳತ್ತೆ. ಅಷ್ಟೇ ಕಣೇ ವಿಜ್ಞಾನ."

ಬಹುದು, ಬಹುದು ಎಂದರೆ ಆಗುವುದಿಲ್ಲವಲ್ಲ, ತೋರಿಸಬೇಕು. ಮುಚ್ಚಳವಿರುವ ಚಿಕ್ಕ ಪ್ಲಾಸ್ಟಿಕ್ ತಟ್ಟೆಗಳಲ್ಲಿ ನರಕೋಶ ಬೆಳೆಸಿ, ಅರ್ಧಕ್ಕೆ ಅನಿಲ ಕೊಟ್ಟು ಇನ್ನರ್ಧಕ್ಕೆ ಕೊಡದೆ, ಎಲ್ಲದರ ಆಮ್ಲಜನಕವನ್ನೂ ಒಂದಷ್ಟು ಹೊತ್ತು ನಿಲ್ಲಿಸುತ್ತಿದ್ದರು. ಮಾರನೆಯ ದಿನ ಒಂದು ಹನಿ ನೀಲಿ ಬಣ್ಣ. ಬದುಕಿದ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ತಿಳಿಯಾಗಿಯೇ ಇರುತ್ತದೆ, ಸತ್ತದ್ದು ನೀಲಿಯಾಗುತ್ತದೆ. ಅತ್ತಿಗೆ ತಿಳಿಯಾಗಿರುವುದಕ್ಕೆ ಬಲಗೈ ಒತ್ತಬೇಕು, ನೀಲಿಗೆ ಎಡಗೈ. ಯಾವ ತಟ್ಟೆಗೆ ಅನಿಲ ಸಿಕ್ಕಿದೆ ಎಂಬುದು ಎಣಿಸುವವರಿಗೆ ತಿಳಿಯಲೇಬಾರದು, ತಿಳಿದರೆ ಮನಸ್ಸು ಕಣ್ಣಿಗೆ ಕಿವಿಮಾತು ಹೇಳುತ್ತದೆ. ಅದಕ್ಕಾಗಿ ತಟ್ಟೆಯ ಹೆಸರಿನ ಮೇಲೆ ಕಪ್ಪು ಟೇಪು. ಪ್ರತಿ ತಟ್ಟೆಯದೂ ಒಂದು ಫೋಟೊ ತೆಗೆದಿಡುವುದು ನಿಯಮವಾಗಿತ್ತು, ಅದನ್ನು ಮಾತ್ರ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಎಂಟು ತಿಂಗಳು, ಇನ್ನೂರ ನಲವತ್ತು ತಟ್ಟೆ. ಟೇಪು ಬಿಚ್ಚಿದ ದಿನ ಪ್ರಯೋಗಾಲಯದಲ್ಲಿ ಹಬ್ಬವೇ ಆಯಿತಂತೆ. ಅನಿಲವಿಲ್ಲದ ತಟ್ಟೆಗಳಲ್ಲಿ ನೂರಕ್ಕೆ ಅರವತ್ತು ಕೋಶ ಸತ್ತಿದ್ದರೆ, ಅನಿಲ ಸಿಕ್ಕವುಗಳಲ್ಲಿ ಬರೀ ಮೂವತ್ತೊಂದು. ಮಂಪರು ಡಾಕ್ಟರು ಕುರ್ಚಿಯ ಮೇಲೆ ಹತ್ತಿ ನಿಂತರಂತೆ. ಇನ್ನು ಹನ್ನೆರಡು ದಿನಕ್ಕೆ ಆಸ್ಪತ್ರೆಯ ಹಿರಿಯರ ಸಮಿತಿ ಕೂರುವುದಿತ್ತು. ಅವರು ಒಪ್ಪಿದರೆ ಕೆಲಸ ಮುಂದಿನ ಹಂತಕ್ಕೆ ಹೋಗುತ್ತದೆ, ಒಪ್ಪದಿದ್ದರೆ ಅಲ್ಲಿಗೆ ಬಾಗಿಲು ಮುಚ್ಚಿದಂತೆ. ಈ ಅಂಕಿ ನೋಡಿ ಯಾರು ತಾನೇ ಒಪ್ಪುವುದಿಲ್ಲ? ಎಣಿಸಿದವರಿಗೆ ಯಾವುದು ಏನೆಂದು ಗೊತ್ತೇ ಇರಲಿಲ್ಲ, ಅದೇ ಇದರ ಬಲ ಎಂದು ಡಾಕ್ಟರು ಎಲ್ಲರೆದುರು ಅತ್ತಿಗೆಯ ಕಡೆ ಕೈ ತೋರಿಸಿ ಚಪ್ಪಾಳೆ ತಟ್ಟಿಸಿದರು.

ಆ ಸಂಜೆ ನಾನು ಮೇಲೆ ಹೋದಾಗ ಅತ್ತಿಗೆ ಒಂದೇ ದಿಂಬಿನ ಚೀಲವನ್ನು ಮೂರನೇ ಸಲ ಇಸ್ತ್ರಿ ಮಾಡುತ್ತಿದ್ದಳು.

"ನಂಗೆ ಗೊತ್ತಿತ್ತು ಕಣೇ," ಎಂದಳು. "ಮೊದಲ್ನೇ ದಿನದಿಂದ ಗೊತ್ತಿತ್ತು. ಅನಿಲ ಕೊಟ್ಟ ತಟ್ಟೆಗೆ ಒಂಥರಾ ಸಿಹಿ ವಾಸನೆ. ಪ್ಲಾಸ್ಟಿಕ್ಕು ಹೀರ್ಕೊಂಡಿರತ್ತೆ, ತೊಳೆದ್ರೂ ಹೋಗಲ್ಲ. ಎಲ್ಲರ್ಗೂ ಬರತ್ತೆ, ಅದೇನು ದೊಡ್ಡ ವಿಷಯ ಅಂದ್ಕೊಂಡಿದ್ದೆ. ಟೇಪು ಹಾಕೋದು ಯಾಕೆ ಅಂತ ಇವತ್ತೇ ಅರ್ಥ ಆಗಿದ್ದು."

ಗೊತ್ತಿದ್ದರೇನಂತೆ, ನೀನೇನು ಸುಳ್ಳು ಎಣಿಸಿದೆಯಾ ಎಂದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದಳು. ಕೆಲವು ಕೋಶ ಪೂರ್ತಿ ನೀಲಿಯೂ ಅಲ್ಲ, ಪೂರ್ತಿ ತಿಳಿಯೂ ಅಲ್ಲ, ಮಬ್ಬು ನೀಲಿಯಂತೆ. ಅವಕ್ಕೆ ಯಾವ ಕೈ ಒತ್ತಿದೆನೋ ತನಗೇ ತಿಳಿಯದು ಎಂದಳು. ಸಿಹಿ ವಾಸನೆ ಬಂದರೆ ಬಲಗೈ ತಾನಾಗಿ ಒತ್ತಿರಬಹುದು. ಹಾಗೆ ಹೇಳುವಾಗ ಕಿಟಕಿಯ ಬಳಿ ಹಕ್ಕಿ ಎಣಿಸುತ್ತಿದ್ದ ಅಣ್ಣನ ಕಡೆ ನೋಡಿದಳು. ಅಣ್ಣನಿಗೆ ಇನ್ನು ಈ ಔಷಧಿಯಿಂದ ಏನೂ ಆಗದು, ಸತ್ತ ಕೋಶ ಸತ್ತವೇ; ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಆ ತಟ್ಟೆಯ ಕೋಶಗಳು ಬದುಕಲಿ ಎಂದು ಅವಳಷ್ಟು ಆಸೆಪಟ್ಟವರು ಅಲ್ಲಿ ಯಾರೂ ಇರಲಿಕ್ಕಿಲ್ಲ.

ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಬಾಯಿಮುಚ್ಚಿಕೊಂಡಿರು ಎಂದು ಬೈದೆ. ಎಂಟು ತಿಂಗಳ ಕೆಲಸಕ್ಕೆ ನೀರು ಬಿಡುತ್ತೀಯಾ, ಡಾಕ್ಟರ ಮುಖಕ್ಕೆ ಮಸಿ ಬಳಿಯುತ್ತೀಯಾ, ನಿನ್ನ ಮೂಗಿನ ವಿಷಯ ಯಾರು ಕೇಳಿದರು ಎಂದೆ. ಅವಳು ದಿಂಬಿನ ಚೀಲ ಮಡಿಸಿಟ್ಟಳು. ಬೆಳಗ್ಗೆ ಏಳಕ್ಕೇ ಹೋಗಿ ಡಾಕ್ಟರ ಕೋಣೆಯ ಮುಂದೆ ನಿಂತಿದ್ದಳು.

ಡಾಕ್ಟರು ಮೊದಲು ನಕ್ಕರಂತೆ. ಆ ಅನಿಲಕ್ಕೆ ಇಷ್ಟು ದಿನದ ಮೇಲೂ ವಾಸನೆಯೇ ಎಂದು ಒಂದು ತಟ್ಟೆ ಮೂಸಿದರು, ಏನೂ ಬರಲಿಲ್ಲ. ಸರಿ, ನೋಡಿಯೇ ಬಿಡೋಣ ಎಂದು ಹತ್ತು ಖಾಲಿ ತಟ್ಟೆ ತರಿಸಿ, ಐದಕ್ಕೆ ಮಾತ್ರ ಅನಿಲ ಬಿಡಿಸಿ, ಮಾರನೆಯ ದಿನ ಮೇಜಿನ ಮೇಲೆ ಸಾಲಾಗಿ ಇಡಿಸಿದರು. ಪ್ರಯೋಗಾಲಯದವರೆಲ್ಲ ಸುತ್ತ ನಿಂತರು. ಅತ್ತಿಗೆ ಒಂದೊಂದೇ ಮುಚ್ಚಳ ಎತ್ತಿ ಇದು ಹೌದು, ಇದು ಅಲ್ಲ ಎನ್ನುತ್ತ ಸಾಗಿದಳು. ಏಳಾಗುವ ಹೊತ್ತಿಗೆ ಯಾರೋ ಶಿಳ್ಳೆ ಹಾಕಿದರು. ಹತ್ತಕ್ಕೆ ಹತ್ತೂ ಸರಿ. ಒಂದು ಗಳಿಗೆ ಎಲ್ಲರೂ ಕುಣಿದಾಡಿ, ಆಮೇಲೆ ಇದರ ಅರ್ಥವೇನೆಂದು ಹೊಳೆದು ಗಪ್‌ಚಿಪ್ ಆದರು. ಮಂಪರು ಡಾಕ್ಟರು ಮತ್ತೆ ಒಂದೊಂದನ್ನೂ ಮೂಸಿ ನೋಡಿದರು. ಇಪ್ಪತ್ತೆರಡು ವರ್ಷ ಅದೇ ಗಾಳಿಯಲ್ಲಿ ಉಸಿರಾಡಿದ ಮೂಗಿಗೆ ಅದು ವಾಸನೆಯೇ ಅಲ್ಲವಾಗಿತ್ತು. ಉಳಿದವರಿಗೂ ಅಷ್ಟೇ. ಟೇಪು ಹಚ್ಚಿ ಕಣ್ಣು ಕಟ್ಟಿದವರು ಮೂಗನ್ನು ಮರೆತಿದ್ದರು. ಡಾಕ್ಟರು ಕುರ್ಚಿಯಲ್ಲಿ ಕುಸಿದು ಕೂತರು. ಸಮಿತಿಗೆ ಇನ್ನು ಹತ್ತೇ ದಿನವಿತ್ತು.

ಆಗ ಅತ್ತಿಗೆ ಕೇಳಿದಳಂತೆ, "ಫೋಟೊಗೆ ವಾಸನೆ ಇರಲ್ಲ ಅಲ್ವಾ ಸರ್?"

ಇದನ್ನು ನನಗೆ ಹೇಳುವಾಗ ಅವಳ ಮುಖ ಕೆಂಪಾಗಿ ಹೊಳೆಯುತ್ತಿತ್ತು. ಇನ್ನೂರ ನಲವತ್ತು ಫೋಟೊಗಳನ್ನು ದೊಡ್ಡದಾಗಿ ಮುದ್ರಿಸುವುದು, ಪಕ್ಕದ ಕಟ್ಟಡದ ಅಂಕಿಅಂಶದ ಮೇಡಂ ಅವನ್ನು ಕಲಸಿ ಹೊಸ ನಂಬರು ಹಾಕುವುದು, ಯಾವುದು ಯಾವುದೆಂಬ ಪಟ್ಟಿಯನ್ನು ಅವರೇ ಲಕೋಟೆಯಲ್ಲಿ ಅಂಟಿಸಿ ಬೀಗ ಹಾಕಿಡುವುದು. ಮಬ್ಬು ನೀಲಿಗೂ ಒಂದು ಕಟ್ಟುನಿಟ್ಟು ಮಾಡಿದರು: ನೀಲಿಯ ಸುಳಿವು ಕಂಡರೂ ಸತ್ತದ್ದೇ, ದಾಕ್ಷಿಣ್ಯವಿಲ್ಲ. ಆದರೆ ಮೇಡಂ ಒಂದು ಪಟ್ಟು ಹಿಡಿದರು. ಅತ್ತಿಗೆ ಒಬ್ಬಳ ಎಣಿಕೆ ಸಾಲದು, ಇನ್ನೊಬ್ಬರು ಬೇರೆಯಾಗಿ ಕೂತು ಎಣಿಸಬೇಕು, ಮತ್ತು ಆ ಇನ್ನೊಬ್ಬರು ಪ್ರಯೋಗಾಲಯದವರಾಗಿರಬಾರದು. ಬೆಳಗಿನಿಂದ ಸಂಜೆವರೆಗೆ ಚುಕ್ಕಿ ಎಣಿಸುವ ತಾಳ್ಮೆ, ಅದೂ ಒಂಬತ್ತು ದಿನ, ಯಾರಿಗಿದೆ?

ಹೊರಗೆ ಮೆಟ್ಟಿಲ ಮೇಲೆ ಅಣ್ಣ ಹತ್ತಿ ಬರುತ್ತಿದ್ದ ಸದ್ದು ಕೇಳುತ್ತಿತ್ತು. ಅರವತ್ತೆರಡು, ಅರವತ್ತಮೂರು, ಅರವತ್ತನಾಲ್ಕು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಂದೇ ಸಂಜೆ ಪ್ರಯೋಗಾಲಯದಲ್ಲಿ ಅಣ್ಣನನ್ನು ಎದುರಿಗೆ ಕೂರಿಸಿದಾಗ ಡಾಕ್ಟರು ಹಿಂದೆಮುಂದೆ ನೋಡಿದರು. ಅವರಿಗೆ ಇದೆಲ್ಲ ಅರ್ಥವಾಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ನಾನು ಅಲ್ಲೇ ಇದ್ದೆ, ಅಣ್ಣನನ್ನು ಕಾರಿನಲ್ಲಿ ಕರೆತಂದವಳು ನಾನೇ. ನನ್ನ ನಾಲಿಗೆ ಎದ್ದಿತ್ತು, ಅಷ್ಟರಲ್ಲಿ ಅತ್ತಿಗೆ ಉತ್ತರ ಕೊಟ್ಟಳು.

"ಮಾತು ಹೋಗಿದೆ ಸರ್. ಬುದ್ಧಿ ಹೋಗಿಲ್ಲ."

ಲೆಕ್ಕಕ್ಕೆ ಬಾರದ ಐದು ಹಳೆಯ ಫೋಟೊ ಕೊಟ್ಟು ಎಣಿಸಲು ಹೇಳಿದರು. ನಡುವೆ ಟೀ ಕುಡಿಸಿ, ಅವೇ ಐದನ್ನು ತಿರುವುಮುರುವು ಮಾಡಿ ಮತ್ತೆ ಕೊಟ್ಟರು. ಎರಡು ಸಲವೂ ಅಂಕಿಗಳು ಒಂದೇ. ಅಂಕಿಅಂಶದ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, ಇವರು ನಾಳೆಯಿಂದಲೇ ಶುರುಮಾಡಲಿ ಎಂದರು.

ಮಾರನೆಯ ಬೆಳಗ್ಗೆ ನಾನು ಮೇಲೆ ಹೋದರೆ ಅಣ್ಣ ತಾನೇ ಎಡಗೈಯಲ್ಲಿ ಗಡ್ಡ ಹೆರೆದುಕೊಂಡು, ಗಲ್ಲದ ಮೇಲೆರಡು ಗಾಯ ಮಾಡಿಕೊಂಡು, ಹರಾಜಿಗೆ ಹಾಕಿಕೊಳ್ಳುತ್ತಿದ್ದ ಕೋಟು ತೊಟ್ಟು ಊಟದ ಮೇಜಿನ ಮುಂದೆ ಕೂತಿದ್ದ. ನಾಲ್ಕು ವರ್ಷದಲ್ಲಿ ಅವನು ಆ ಕೋಟು ಮುಟ್ಟಿರಲಿಲ್ಲ. ಗುಂಡಿ ಸರಿಯಾಗಿ ಹಾಕಿಕೊಳ್ಳೋ ಎಂದು ಗದರಿದೆ. ಅತ್ತಿಗೆ ಪ್ರಯೋಗಾಲಯದಲ್ಲಿ ಎಣಿಸುತ್ತಿದ್ದಳು, ಅಣ್ಣ ಮನೆಯಲ್ಲಿ. ಇವನ ಎಣಿಕೆ ಅವಳ ಕಿವಿಗೆ ಬೀಳಬಾರದು. ಹೀಗಾಗಿ ಬರೆದುಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ಒಂಬತ್ತು ದಿನದ ಪಾಠಗಳನ್ನೆಲ್ಲ ಮುಂದೂಡಿದೆ.

ಎಡಗೈಯಲ್ಲಿ ಹೆಣಿಗೆಯ ಕಡ್ಡಿ ಹಿಡಿದು, ಮೇಲಿನ ಮೂಲೆಯಿಂದ ಸಾಲುಸಾಲಾಗಿ ಇಳಿಯುತ್ತ, ಮೊದಲು ನೀಲಿ, ಆಮೇಲೆ ತಿಳಿ. ಅಣ್ಣನ ದನಿ ಮೊದಲ ದಿನ ತಗ್ಗಿತ್ತು. ಮೂರನೇ ದಿನಕ್ಕೆ ಮಾರುಕಟ್ಟೆಯ ಓಟ ಬಂತು. ಕೊನೆಯ ಅಂಕಿಯನ್ನು ಎತ್ತಿ ಹೇಳಿ ನನ್ನ ಕಡೆ ನೋಡುತ್ತಿದ್ದ, ಬರೆದುಕೊಂಡೆಯಾ ಎನ್ನುವಂತೆ. ಕೆಳಗಿನ ಮನೆಯವರು ಏನು ನಡೆಯುತ್ತಿದೆ ಎಂದು ಬಂದು ನೋಡಿ ಹೋದರು. ನಾಲ್ಕನೇ ದಿನ ತಿಳಿ ಕೋಶಗಳೇ ತುಂಬಿದ್ದ ಒಂದು ಫೋಟೊ ನೋಡಿ ಖುಷಿ ತಡೆಯದೆ, ಇದು ಔಷಧಿ ಸಿಕ್ಕಿದ್ದೇ ಇರಬೇಕು ಎಂದುಬಿಟ್ಟೆ. ಅಣ್ಣ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಫೋಟೊವನ್ನು ಬೋರಲು ಹಾಕಿ, ಎದ್ದು, ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಮತ್ತೆ ಒಂದರಿಂದ ಶುರುಮಾಡಿದ. ಉಳಿದ ಐದು ದಿನ ನಾನು ಗೋಡೆ ನೋಡಿಕೊಂಡೇ ಬರೆದೆ, ಒಂದು ಮಾತೂ ಆಡಲಿಲ್ಲ. ನನ್ನ ಜೀವಮಾನದ ದಾಖಲೆ ಅದು.

ಹತ್ತನೇ ದಿನ ಮಧ್ಯಾಹ್ನ ಎಲ್ಲರೂ ಪ್ರಯೋಗಾಲಯದಲ್ಲಿ ಸೇರಿದೆವು. ಸಮಿತಿ ಸಂಜೆ ನಾಲ್ಕಕ್ಕೆ. ಮೇಡಂ ಎರಡೂ ಎಣಿಕೆಗಳನ್ನು ಕಂಪ್ಯೂಟರಿಗೆ ಹಾಕಿ, ಲಕೋಟೆ ಹರಿದು, ಪಟ್ಟಿ ಹೊಂದಿಸತೊಡಗಿದರು. ನನಗೆ ಕೂರಲಾಗಲಿಲ್ಲ. ಅತ್ತಿಗೆ ಖಾಲಿ ಎಣಿಕೆ ಯಂತ್ರವನ್ನು ಟಿಕ್ ಟಿಕ್ ಎಂದು ಸುಮ್ಮನೆ ಒತ್ತುತ್ತಿದ್ದಳು.

ಅನಿಲವಿಲ್ಲದ ತಟ್ಟೆಗಳಲ್ಲಿ ಸತ್ತದ್ದು, ಅತ್ತಿಗೆಯ ಎಣಿಕೆಯಲ್ಲಿ ನೂರಕ್ಕೆ ಅರವತ್ತು, ಅಣ್ಣನದರಲ್ಲಿ ಅರವತ್ತೊಂದು. ಅನಿಲ ಸಿಕ್ಕ ತಟ್ಟೆಗಳಲ್ಲಿ ಅತ್ತಿಗೆಯದು ನಲವತ್ತಮೂರು, ಅಣ್ಣನದು ನಲವತ್ತೆರಡು. ಇಬ್ಬರೂ ಬೇರೆ ಬೇರೆ ಕಡೆ ಕೂತು ಎಣಿಸಿ ಒಂದೇ ಜಾಗಕ್ಕೆ ಬಂದು ನಿಂತಿದ್ದರು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಆದರೆ ಅತ್ತಿಗೆಯ ಬೆರಳು ನಿಂತಿತ್ತು. ಅವಳು ಮನಸ್ಸಿನಲ್ಲೇ ಕಳೆಯುತ್ತಿದ್ದಳು.

"ಮೂವತ್ತೊಂದು ಅಂದಿದ್ದೆ, ನಲವತ್ತಮೂರು," ಎಂದಳು. "ಆವತ್ತು ಇಪ್ಪತ್ತೊಂಬತ್ತು ಉಳೀತು ಅಂದ್ವಲ್ಲ ಸರ್, ಅದ್ರಲ್ಲಿ ಹನ್ನೆರಡು ನನ್ನ ಆಸೆ. ಔಷಧಿದು ಹದಿನೇಳೇ."

ಮಂಪರು ಡಾಕ್ಟರು ಅವಳೆದುರು ಬಂದು ನಿಂತರು. ಹದಿನೇಳು ಸಣ್ಣದಲ್ಲ ಎಂದರು. ಇದು ತಟ್ಟೆಯ ಮಾತು, ಮನುಷ್ಯನ ಮಿದುಳಿಗೆ ಇನ್ನೂ ದೂರದ ದಾರಿ, ಆದರೆ ಈ ಹದಿನೇಳನ್ನು ಯಾರು ಬೇಕಾದರೂ ಕೆದಕಿ ನೋಡಬಹುದು, ಅಲ್ಲಾಡುವುದಿಲ್ಲ ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಮೂವತ್ತೊಂದರ ದಿನ ಕುರ್ಚಿ ಹತ್ತಿದ್ದವರು ಅಂದು ಕುರ್ಚಿ ಹತ್ತಲಿಲ್ಲ, ಅಣ್ಣನ ಕೋಟಿನ ಭುಜ ತಟ್ಟಿದರು.

ಮೇಡಂಗೆ ಅವಸರ. ಸಮಿತಿಗೆ ಈ ಅಂಕಿಗಳೇ ಹೋಗುತ್ತವೆ, ಯಾರಿಗಾದರೂ ಆಕ್ಷೇಪ ಇದೆಯೇ ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ಕೇಳುತ್ತೇನೆ, ಆಕ್ಷೇಪ ಇದೆಯೇ ಎಂದರು. ಆಗಲೂ ಸದ್ದಿಲ್ಲ. ಮೇಡಂ ಪೆನ್ನು ಎತ್ತಿಕೊಂಡು ಸುತ್ತ ಒಮ್ಮೆ ನೋಡಿದರು.

ಅಣ್ಣ ಎದ್ದು ನಿಂತ. ಅವನೂ ಸುತ್ತ ನಿಂತವರ ಮುಖವನ್ನೆಲ್ಲ ಒಂದು ಸುತ್ತು ನೋಡಿದ. ಆಮೇಲೆ ಎಡಗೈಯ ಅಂಗೈ ಎತ್ತಿ, ಗಾಜಿನ ಸಾಮಾನೆಲ್ಲ ಅದುರುವಂತೆ ಮೇಜಿಗೆ ಬಾರಿಸಿದ.

"ಮೂರು ಸಾರಿ."

ಅತ್ತಿಗೆಯ ಕೈಯಿಂದ ಎಣಿಕೆ ಯಂತ್ರ ಬಿತ್ತು. ಅವಳು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಷ್ಟು ಜನರ ನಡುವೆ ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ, ನನಗೆ ಯಾರ ಹಂಗೂ ಇರಲಿಲ್ಲ. ಏನೂ ಅರ್ಥವಾಗದ ಮೇಡಂ, ಅವರು ಏನು ಹೇಳಿದರು ಎಂದು ಕೇಳಿದರು. ಅತ್ತಿಗೆ ತೋಳಿನಿಂದ ಮೂಗು ಒರೆಸಿಕೊಂಡಳು.

"ಹರಾಜು ಮುಗೀತು ಅಂದ್ರು," ಎಂದಳು. "ಬರ್ಕೊಳ್ಳಿ."